ವರ ಮೇಲೋ, ಕೆಳಗೋ?

ಉಟಗಿಯ ಶಿದ್ರಾಯನ ಬಾಯೊಳಗೆ ಒಂದು ಪೂರ್ತಿ ಎಸ್.ಟಿ. ಬಸ್ ಡೆಪೋ ಇತ್ತು. ಏದುಸಿರು ಬಿಡುತ್ತ ಏರು ಹತ್ತುವ ಬಸ್ಸು, ಕೆಮ್ಮಿ ಕೆಮ್ಮಿ ಶುರುವಾಗುವ ಬಾವಿ ಎಂಜಿನ್ನು, ಗಂಟು ತಂದವರಿಗೆ ಬಸ್ಸಿನ ನೆತ್ತಿಯ ಟಪ್ಪು ತೋರಿಸಿ 'ಸಾಮಾನ ವರ ಟಾಕಾ!' ಎಂದು ಮೂಗಿನಲ್ಲಿ ಕೂಗುವ ಮರಾಠಿ ಕಂಡಕ್ಟರು, ಎಲ್ಲರ ದನಿಯೂ ಅಲ್ಲಿಂದಲೇ ಹೊರಡುತ್ತಿತ್ತು. ಹೊರಡದೆ ನಿಂತಿದ್ದು ಒಂದೇ: ಒಂಬತ್ತು ವರ್ಷದಿಂದ ಅವನು ಓಡಿಸುತ್ತಿದ್ದ ಸಾವಕಾರ ಭೀಮರಾಯರ ಜೀಪು.

ಅರವತ್ತೆಂಟರ ಬೇಸಿಗೆಯಲ್ಲಿ ಸೊರಡಿಯ ಏರಿನ ಮೇಲೆ ನೀರು ಆರಿ ಅದರ ಎಂಜಿನ್ನಿನ ತಲೆ ಅಡ್ಡಲಾಗಿ ಸೀಳಿತ್ತು. ತಲೆ ಎಂದರೆ ಹೆಡ್ಡು. ಕೆಳಗೆ ಪಿಸ್ಟನ್ನುಗಳು ಓಡಾಡುವ ದಪ್ಪ ಬ್ಲಾಕು, ಅದರ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್ಡು. ಬ್ಲಾಕು ಕಲ್ಲಿನಂತಿತ್ತು. ಆದರೆ ಮಹಾಯುದ್ಧ ಕಂಡ ಆ ಜೀಪಿಗೆ ಹೊಸ ಹೆಡ್ಡನ್ನು ಯಾರು ಮಾಡಿಟ್ಟಿರುತ್ತಾರೆ?

"ಗುಜರಿಗೆ ಹಾಕೂದ ಚಲೋ," ಎಂದರು ಭೀಮರಾಯರು. ಜೋಳ, ಶೇಂಗಾದ ವ್ಯಾಪಾರಿ. ಮಾತನ್ನೂ ತೂಗಿಯೇ ಕೊಡುವವರು.

"ಬ್ಲಾಕಿಗೆ ಹೆಡ್ ಇಲ್ಲಂತ ಗುಜರಿಗೆ ಹಾಕ್ತಾರೇನ್ರಿ ಸಾವಕಾರ್ರ? ಬ್ಲಾಕ್ ಆಫೀಸಿನ ಹೆಡ್ ಸಾಹೇಬ್ರು ವರ್ಗ ಆಗಿ ಹೋದ್ರ, ಬ್ಯಾರೆ ಊರಿಂದ ಇನ್ನೊಬ್ರು ಬರಂಗಿಲ್ಲೇನ್ರಿ?"

ಭೀಮರಾಯರು ನಗಲಿಲ್ಲ. "ಅಮಾಸಿ ಮುಂದಿನ ಸಂತಿ ತನಕ ತಡೀತೀನಿ. ಅವತ್ತ ನನ್ನ ಕುಂದ್ರಿಸಿಕೊಂಡು ಸೊರಡಿ ಏರ ಹತ್ತಬೇಕು. ಹತ್ತಲಿಲ್ಲ, ಗುಜರಿಯವಂಗ ಹೇಳಿ ಕಳಸ್ತೀನಿ."

ಹತ್ತದಿದ್ದರೆ ಶಿದ್ರಾಯನಿಗೆ ಉಳಿಯುವುದು ಅಣ್ಣನ ಕುರಿಹಿಂಡು. ಕುರಿಗಳ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಆದರೆ ಅವಕ್ಕೆ ಗೇರೂ ಒಂದೇ, ದನಿಯೂ ಒಂದೇ. ಆ ದನಿಯನ್ನು ಅವನು ಆರನೆಯ ವಯಸ್ಸಿಗೇ ಕಲಿತು ಮುಗಿಸಿದ್ದ.

ಅಂದೇ ಸಾಂಗಲಿಯ ವಿಠೋಬಣ್ಣನಿಗೆ ಪತ್ರ ಹಾಕಿದ. ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ಕಲಿಸಿದ ಮೇಸ್ತ್ರಿ, ಮರಾಠಿ ಮನುಷ್ಯ. ಪತ್ರವೂ ಮರಾಠಿಯಲ್ಲೇ. ಆದರೆ ಚಾಳಿ ಬಿಡಬೇಕಲ್ಲ! 'ವರ ನಮ್ಮ ಮನೆಯಲ್ಲಿ ಕೂತಿದ್ದಾನೆ. ನಾಲ್ಕು ಸಿಲಿಂಡರು, ಗಟ್ಟಿ ಬ್ಲಾಕು, ತಲೆಯೊಂದಿಲ್ಲ. ನಿಮ್ಮ ಅಂಗಳದಲ್ಲಿ ತಕ್ಕ ವಧುವಿದ್ದರೆ ಕಳಿಸಿರಿ.' ಜೊತೆಗೆ ಬ್ಲಾಕಿನ ತೂತುಗಳನ್ನು ಕಾಗದಕ್ಕೆ ಮಸಿಯಿಂದ ಒತ್ತಿ ತೆಗೆದ ಅಚ್ಚು. ಅದೇ ವರನ ಜಾತಕ.

ಎಂಟನೆಯ ದಿನ ವಧು ಬಸ್ಸಿನ ಟಪ್ಪಿನಿಂದ ಇಳಿದಳು, ಗೋಣಿಚೀಲ ಹೊದ್ದುಕೊಂಡು. ಯಾವುದೋ ಮುರುಕು ಕಾರಿನ ಹೆಡ್ಡು. ಕುಲ ಬೇರೆ, ಗೋತ್ರ ಬೇರೆ. ಬೋಲ್ಟಿನ ತೂತುಗಳು ಒಂದನ್ನು ಬಿಟ್ಟು ಎಲ್ಲವೂ ಕೂಡಿದವು. ಆ ಒಂದನ್ನು ಶಿದ್ರಾಯ ಒಂದೂವರೆ ದಿನ ಅರ ಹಾಕಿ ತಿಕ್ಕಿ ದಾರಿಗೆ ತಂದ. ನೀರು ಹರಿಯುವ ತೂತುಗಳು ಮಾತ್ರ ಪೂರ್ತಿ ಕೂಡಲಿಲ್ಲ. ಅದಕ್ಕೆಂದೇ ವಿಠೋಬಣ್ಣ ಎರಡರ ನಡುವೆ ಹಾಸಲು ತಾಮ್ರದ ಗ್ಯಾಸ್ಕೆಟ್ಟೊಂದನ್ನು ಕೈಯಾರೆ ಕತ್ತರಿಸಿ ಕಳಿಸಿದ್ದ: ಬೇಕಾದಲ್ಲಿ ತೂತು, ಬೇಡವಾದಲ್ಲಿ ತಗಡು. ಅದರ ಒಂದು ಮೈಮೇಲೆ ಕೆಂಪು ಬಣ್ಣದಲ್ಲಿ ಎರಡೇ ಅಕ್ಷರ: ವರ.

ಶಿದ್ರಾಯ ಹೆಂಡತಿಯನ್ನು ಕೂಗಿದ. "ಇಂದೂ, ನೋಡಿಲ್ಲೆ! ವಿಠೋಬಣ್ಣನೂ ನನ್ನ ಪಂಗಡ ಸೇರಿದ್ರು. ವರನ ಕಡಿ ಮಾರಿ ಯಾವುದಂತ ಬರದಾರ!"

ವರನೆಂದರೆ ಬ್ಲಾಕು. ಅಕ್ಷರವಿದ್ದ ಮೈಯನ್ನು ಬ್ಲಾಕಿನ ಕಡೆಗೆ ಕೆಳಮುಖ ಮಾಡಿ ಹಾಸಿದ, ಹೆಡ್ಡು ಕೂರಿಸಿದ, ಬೋಲ್ಟು ಬಿಗಿದ, ಎರಡು ಕಾಳು ಜೋಳದ ಅಕ್ಷತೆಯನ್ನೂ ಹಾಕಿದ. ಎಂಜಿನ್ನು ಎದ್ದಿತು! ಎಲೆಗೆ ಸುಣ್ಣ ಸವರುವಷ್ಟು ಹೊತ್ತು ಓಡಿತು. ಆಮೇಲೆ ಬುಸ್ಸೆಂದು ಹಬೆ, ಕುದಿನೀರು.

ಬೇಲಿಯಾಚೆಯ ಬಸಗೊಂಡ ಅಂದ, "ಶಿದ್ರಾಯ, ಮೈ ಒಂದು, ತಲಿ ಒಂದು, ತಲಿಬಿಸಿ ಆಗಲಾರದ ಏನಾದೀತು? ಒಮ್ಮಿ ನಿನ್ನ ತಲಿನೂ ಬಿಚ್ಚಿ ನೋಡಪಾ, ಒಳಗ ನೀರ ಆಡ್ತೈತೋ ಇಲ್ಲೋ."

ಬಿಚ್ಚಿ ನೋಡಿದ, ತನ್ನದಲ್ಲ, ಎಂಜಿನ್ನಿನದು. ತಗಡು ಮುಚ್ಚಿದ ತೂತುಗಳು ಬೇಡವಾದವೇ ಇರಬೇಕೆಂದುಕೊಂಡ, ತಪ್ಪು ಕಾಣಲಿಲ್ಲ. ಹಾಗೆಯೇ ಮತ್ತೆ ಕೂರಿಸಿದ. ಮತ್ತೆ ಕುದಿಯಿತು. ಸಂತೆಯ ಹಿಂದಿನ ದಿನ ಎರಡನೆಯ ಸಲ ಬಿಚ್ಚಿಟ್ಟು ಕೂತ. ಬಾಯೊಳಗಿನ ಡೆಪೋ ಬಂದ್ ಆಗಿತ್ತು.

ಇಂದುಬಾಯಿಗೆ ಹೆದರಿಕೆಯಾದದ್ದು ಆಗಲೇ. ಅವಳ ತವರು ಮರಾಠಿ ಸೀಮೆ. ನಾಲ್ಕನೆಯ ಇಯತ್ತೆಯ ತನಕ ಮರಾಠಿ ಸಾಲಿ ಕಲಿತವಳು. 'ನಮ್ಮ ಮನ್ಯಾಗ ನಾಳೆ ಅನ್ನೂದಿಲ್ಲ, ಇರೂದೆಲ್ಲಾ ಇಂದು' ಎಂದು ಊರಿಗೆಲ್ಲ ಹೇಳುತ್ತ ತಿರುಗುವ ಗಂಡ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಅವಳು ಚಹಾ ಇಟ್ಟು, ಬ್ಲಾಕಿನ ಮೇಲಿದ್ದ ಗ್ಯಾಸ್ಕೆಟ್ಟು ಎತ್ತಿ ಸೆರಗಿನಿಂದ ಒರೆಸಿದಳು. ಅಕ್ಷರ ಅಡಿಯ ಮೈಮೇಲಿತ್ತು.

"ಇದನ್ನ ಬ್ವಾರಲ ಯಾಕ ಹಾಕಿದ್ರಿ?"

"ಬ್ವಾರಲ ಎಲ್ಲೈತಿ? ವರ ಅಂತ ಬರದೈತಿ, ವರನ ಕಡಿನ ಹಾಕೀನಿ."

"ಯಾವ ವರ?"

"ಬ್ಲಾಕು."

ಅವಳು ಅವನ ಮುಖವನ್ನೇ ನೋಡಿದಳು. "ನಿಮ್ಮ ಮದವಿ ಚ್ಯಾಷ್ಟಿಗೆ ಬೆಂಕಿ ಹಚ್ಚಲಿ! ನಮ್ಮ ತವರಾಗ ವರ ಅಂದ್ರ ಮ್ಯಾಲ. ಈ ಮಾರಿ ಮ್ಯಾಲ ಬರಲಿ ಅಂತ ಬರದಾರ ಆ ದೊಡ್ಡ ಮನಷ್ಯಾ. ಎಲ್ಲಾರೂ ನಿಮ್ಮಂಗ ಒಂದ ಮಾತಿಗೆ ಎರಡ ಅರ್ಥ ಹಚಗೋತ ಕುಂದರ್ತಾರೇನು?"

ಶಿದ್ರಾಯ ಹಣೆಗೆ ಹೊಡೆದುಕೊಂಡ. ದಿನಕ್ಕೆ ಹತ್ತು ಸಲ 'ಸಾಮಾನ ವರ ಟಾಕಾ' ಎಂದು ಕಂಡಕ್ಟರನ ದನಿ ತೆಗೆಯುವವನು ತಾನೇ! ತಗಡನ್ನು ಮಗುಚಿ ಹಿಡಿದ. ಈ ತನಕ ಮುಚ್ಚಿಹೋಗಿದ್ದ ನೀರಿನ ತೂತುಗಳ ಮೇಲೆ ತಗಡಿನ ತೂತುಗಳು ಒಂದೊಂದಾಗಿ ಬಂದು ನಿಂತವು.

ಸಂತೆಯ ಬೆಳಿಗ್ಗೆ ಭೀಮರಾಯರು ಪಕ್ಕದಲ್ಲಿ ಕೂತರು. ಸೊರಡಿಯ ಏರು ಬಂತು. ಹಿಂದೆ ಇದೇ ಏರಿಗೆ ಜೀಪು ಒಂದನೇ ಗೇರಿನಲ್ಲಿ ತೆವಳುತ್ತಿತ್ತು. ಇಂದು ಎರಡನೆಯದರಲ್ಲೇ ಗುರ್ರೆನ್ನುತ್ತ ನಡೆಯಿತು. ಹೆಡ್ಡು ಕಾರಿನದು, ನೋಡಿ. ಬ್ಲಾಕಿಗೂ ಒಂದಿಷ್ಟು ಠೀವಿ ಬಂದಿತ್ತು. ಮೇಲೆ ಹತ್ತಿ ನಿಲ್ಲಿಸಿದಾಗ ಭೀಮರಾಯರು ಇಳಿದು ಬಾನೆಟ್ಟು ಎತ್ತಿಸಿ ಕಿವಿಗೊಟ್ಟರು. ಕುದಿಯಿಲ್ಲ, ಹಬೆಯಿಲ್ಲ.

"ಇದರ ದನಿ ಒಂದಿಷ್ಟ ತಗೀ ನೋಡೂಣು," ಎಂದರು.

ಶಿದ್ರಾಯ ಬಾಯಿ ತೆರೆದ. ಬಂದದ್ದು ಅರ್ಧ ಜೀಪು, ಅರ್ಧ ಕಾರು. "ಇನ್ನೂ ಬರವಲ್ದ್ರಿ ಸಾವಕಾರ್ರ. ಹೊಸಾ ಸಂಸಾರ, ನಾಕ ದಿನ ಓಡಿಸಬೇಕು."

ದಾರಿಯ ಬದಿಗೆ ಸಂತೆಗೆ ಹೊರಟವರು ಗಂಟು ಹೊತ್ತು ಬಸ್ಸಿಗೆ ಕಾಯುತ್ತಿದ್ದರು. ಭೀಮರಾಯರು ಅತ್ತ ತಿರುಗಿ, ಗಂಟಲು ಸರಿಮಾಡಿಕೊಂಡು, ಜೀಪಿನ ಟಪ್ಪಿಗೆ ಕೈ ತೋರಿಸಿ, ಮೂಗಿನಲ್ಲಿ ಕೂಗಿದರು:

"ಸಾಮಾನ ವರ ಟಾಕಾ!"