ಹಳೆಯ ಮೆಟ್ಟಿಲಿನ ತಗ್ಗು

“ಕಲ್ಲುಗಳನ್ನ ಮಗುಚಿ ಹಾಕಿಬಿಟ್ಟಿದ್ದೀರಾ ಮೇಸ್ತ್ರಿ?”

ನದಿಗಿಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತ ವಾಸ್ತುಶಿಲ್ಪಿಗೆ ಅಳುವೇ ಬಂತು. ಊರಿಗೂ ನದಿಗೂ ಅಡ್ಡವಾಗಿ ಐವತ್ತು ವರ್ಷ ನಿಂತಿದ್ದ ಉಗ್ರಾಣದ ಗೋಡೆಯನ್ನು ಕೆಡವಿಸಲು ಅವಳು ಆರು ವರ್ಷ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಗೋಡೆಯ ಹಿಂದೆ, ಮಣ್ಣಿನಡಿ, ಈ ಹಳೆಯ ಮೆಟ್ಟಿಲುಗಳು ಸಿಕ್ಕಿದ್ದವು. ಒಂದೊಂದು ಕಲ್ಲಿನ ನಡುವೆಯೂ ಜನರ ಕಾಲು ಸವೆಸಿದ ತಗ್ಗು. ಅಡಿಪಾಯ ಭದ್ರ ಮಾಡಿ ಕಲ್ಲುಗಳನ್ನು ಮತ್ತೆ ಕೂರಿಸಿ ಎಂದು ಹೇಳಿದವಳು, ಜ್ವರ ಬಂದು ವಾರ ಮಲಗಿಬಿಟ್ಟಿದ್ದಳು.

“ಹೊಸದರ ಹಾಗೆ ಕಾಣ್ತಿಲ್ವಾ ಮೇಡಂ? ಸವೆದ ಮುಖ ಕೆಳಗೆ, ಚೆನ್ನಾಗಿರೋದು ಮೇಲೆ.” ಕಲ್ಲು ಸಮವಾಗಿದೆಯೆಂದು ಮೇಸ್ತ್ರಿ ರಸಮಟ್ಟ ಇಟ್ಟು ತೋರಿಸಿದ. “ನಾನು ಕೂರಿಸಿದ ಕಲ್ಲಲ್ಲಿ ನೀರು ನಿಂತ್ರೆ ನನ್ನ ಮಾನ ಉಳಿಯುತ್ತಾ?”

“ಮೂವತ್ತೆರಡು ಕಲ್ಲನ್ನೂ ಮತ್ತೆ ತಿರುಗಿಸಬೇಕು.”

“ನಾಡಿದ್ದು ಉದ್ಘಾಟನೆ! ಮುಗೀದಿದ್ರೆ ಸಾಹೇಬ್ರು ನಮ್ಮಿಬ್ಬರನ್ನೂ ನೀರಿಗೆ ತಳ್ತಾರೆ.”

“ನಿಮಗೆ ಈಜು ಬರುತ್ತಲ್ಲ?”

ಕೆಲಸದವರು ಕಿಸಕ್ಕೆಂದರು. ಮೇಸ್ತ್ರಿಯ ಮುಖ ಗಂಟಾಯಿತು. ಮಗನ ಕೆಲಸ ನೋಡಲೆಂದು ಬಂದಿದ್ದ ಅವನ ತಾಯಿ ಅಷ್ಟರಲ್ಲಿ ಕೋಲೂರಿ ಇಳಿಯತೊಡಗಿದ್ದಳು. ಹರೆಯದಲ್ಲಿ ಅವಳು ಇಲ್ಲಿಯೇ ಊರವರ ಬಟ್ಟೆ ಒಗೆದವಳು. ಈಗ ಕಣ್ಣು ಮಂಜು. ಮೂರನೆಯ ಮೆಟ್ಟಿಲಲ್ಲಿ ನಿಂತು ಬರಿಗಾಲಿನಿಂದ ಕಲ್ಲನ್ನು ಅತ್ತಿತ್ತ ತಡವಿದಳು.

“ಇದು ನಮ್ಮ ಮೆಟ್ಟಿಲಲ್ಲ ಕಣೋ.”

“ಅದೇ ಕಲ್ಲು ಕಣಮ್ಮ.”

“ತಗ್ಗೆಲ್ಲಿ ಹಾಗಾದ್ರೆ? ಬಟ್ಟೆ ಗಂಟು ಹೊತ್ತಾಗ ಕೆಳಗೇನೂ ಕಾಣ್ತಿರಲಿಲ್ಲ. ಕಾಲಿಗೆ ತಗ್ಗು ಸಿಕ್ಕಿದ್ರೇನೇ ಮುಂದಿನ ಹೆಜ್ಜೆ. ನೀನು ಹೊಟ್ಟೇಲಿದ್ದಾಗ್ಲೂ ಅದನ್ನೇ ನಂಬಿ ಇಳೀತಿದ್ದೆ.”

ಮೇಸ್ತ್ರಿ ಬಗ್ಗಿ ರಸಮಟ್ಟ ಎತ್ತಿಕೊಂಡ. ವಾಸ್ತುಶಿಲ್ಪಿ ಹಾರೆ ಎತ್ತಿಕೊಂಡು ಕಲ್ಲಿನ ಸಂದಿಗೆ ತೂರಿಸಿ ಮೈಭಾರವೆಲ್ಲ ಹಾಕಿದಳು. ಕಲ್ಲು ಜಪ್ಪಯ್ಯ ಎನ್ನಲಿಲ್ಲ. ಅವಳೂ ಬಿಡಲಿಲ್ಲ.

“ಹಾಗಾ ಹಿಡಿಯೋದು? ಕಾಲ ಮೇಲೆ ಹಾಕ್ಕೊಂಡೀರಿ, ಕೊಡಿ ಇಲ್ಲಿ!” ಮೇಸ್ತ್ರಿ ಹಾರೆ ಕಿತ್ತುಕೊಂಡ. “ಏನ್ರೋ ನೋಡ್ತಾ ನಿಂತಿದ್ದೀರಿ? ಬನ್ನಿ!”

ಮೊದಲ ಕಲ್ಲು ಹೊರಳಿ ಮತ್ತೆ ಕೂರುವಾಗ ಮಧ್ಯಾಹ್ನವಾಗಿತ್ತು. ಅಂಟಿದ ಗಾರೆಯನ್ನು ಮೇಸ್ತ್ರಿ ತಾನೇ ಕೆರೆದ. ಕೆಳಗಿಳಿದು ಬಕೆಟ್ಟಿನಲ್ಲಿ ನದಿಯ ನೀರು ತಂದು ಸುರಿದ. ತಗ್ಗಿನಲ್ಲಿ ಒಂದು ಬೊಗಸೆಯಷ್ಟು ನೀರು ನಿಂತಿತು.

ಅವನು ಅದನ್ನು ಒರೆಸಲಿಲ್ಲ. ತಾಯಿಯ ತೋಳು ಹಿಡಿದು, ಅವಳ ಕಾಲು ಆ ನೀರನ್ನು ಹುಡುಕಿಕೊಳ್ಳುವವರೆಗೂ ಕಾದು ನಿಂತ.