ಎರಡನೆಯ ಕೀಬೋರ್ಡು

"ಇವೆರಡ್ರಲ್ಲಿ ಯಾವ್ದು ತಗೊಳ್ಳೋದು, ನೀನೇ ಹೇಳು. ನಿನ್ನಂಥ ಕಿವಿ ನಮ್ಮ ತಂಡದಲ್ಲಿ ಇನ್ಯಾರಿಗಿದೆ?" ಎನ್ನುತ್ತಾ ಭಾವ ವಾದ್ಯದಂಗಡಿಯಲ್ಲಿ ಎರಡು ಕೀಬೋರ್ಡುಗಳ ನಡುವೆ ಸ್ಟೂಲು ಎಳೆದುಕೊಂಡು ಕೂತ.

ಹೊಗಳಿಕೆ ಕೇಳಿ ಡ್ರಮ್ಮರ್ ಹಿಗ್ಗಬೇಕಿತ್ತು, ಎದೆ ಧಸಕ್ಕೆಂದಿತು. ಹದಿನೆಂಟು ವರ್ಷದಿಂದ ಅವನು ಅಕ್ಕನ ಗಂಡನ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದ. ಹಿಂದಿನ ಕೀಬೋರ್ಡು ಬಂದ ವರ್ಷವೇ ಬೇಸ್ ಗಿಟಾರಿನವನು ಕೆಲಸ ಕಳೆದುಕೊಂಡು ಮನೆಗೆ ಹೋದ, ಮರುವರ್ಷ ಕೊಳಲಿನವನು. ಎಡಗೈಯಲ್ಲಿ ಮೂರು ಕೀ ಒತ್ತಿದರೆ ಸಾಕು, ಇಡೀ ತಂಡ ಬೆನ್ನಿಗೆ ನಿಂತು ನುಡಿಸಿದಂತೆ ಕೇಳಿಸುವ ಯಂತ್ರ ಅದು. ಅದರ ಡ್ರಮ್ ಮಾತ್ರ ಡಬ್ಬ ಬಡಿದಂತಿತ್ತು. ಇವನ ಅನ್ನ ಉಳಿಸಿದ್ದು ಅದೊಂದೇ.

ಅಂಗಡಿಯವನು ಮೊದಲನೆಯದನ್ನು ಆನ್ ಮಾಡಿದ. ಅದರ ಡ್ರಮ್ಮಿನ ದನಿಗೆ ಇವನ ಪಾದ ತಾನಾಗಿ ಕುಣಿಯತೊಡಗಿತು. ತಟ್ಟನೆ ಪಾದವನ್ನು ತಾನು ಕೂತಿದ್ದ ಸ್ಟೂಲಿನಡಿಗೆ ಎಳೆದುಕೊಂಡ. ಸಿಂಬಲ್ಲಿನ ದನಿ ಕೂಡ ನಿಜವಾದದ್ದರಂತೆಯೇ ಕೊನೆಗೆ ಸಣ್ಣಗೆ ನಡುಗಿ ಅಡಗುತ್ತಿತ್ತು, ಹಾಳಾದ್ದು.

ಎರಡನೆಯದರ ಪಿಯಾನೋ ಸೊಗಸಾಗಿತ್ತು, ವಯಲಿನ್ನೂ ಅಷ್ಟೇ. ಡ್ರಮ್ ಮಾತ್ರ ಸಪ್ಪೆ. ದೇವರು ಕಣ್ಣು ಬಿಟ್ಟ ಅಂದುಕೊಂಡ.

"ಇದೇ ಸರಿ ಭಾವ. ಅದು ಬರೀ ಗಲಾಟೆ, ಐದು ನಿಮಿಷಕ್ಕೆ ತಲೆನೋವು ಬರುತ್ತೆ. ನಿಮ್ಮ ಬೆರಳಿಗೆ ಈ ಪಿಯಾನೋನೇ ಚೆಂದ."

"ಡ್ರಮ್ ಸಪ್ಪೆ ಅಲ್ವೇನೋ?"

"ಡ್ರಮ್ಮಿಗೆ ನಾನಿದ್ದೀನಲ್ಲ!"

ಜಾಣತನ ಅವನಿಗೆ ಅಪರೂಪಕ್ಕೆ ಹೊಳೆಯುತ್ತಿತ್ತು. ಹೊಳೆದಾಗ ಮುಖವೆಲ್ಲ ಅರಳಿಬಿಡುತ್ತಿತ್ತು.

"ಅದೂ ನಿಜ ಕಣೋ," ಎಂದು ಭಾವ ಅಂಗಡಿಯವನ ಕಡೆ ತಿರುಗಿದ. "ಬಾಮೈದನ ಮಾತು ಮೀರೋ ಹಾಗಿಲ್ಲ, ಇದೇ ಇರ್ಲಿ. ಫೋನಲ್ಲಿ ಹೇಳಿದ್ರಲ್ಲ, ಅದನ್ನ ಒಂದ್ಸಲ ತೋರ್ಸಿ."

ಅಂಗಡಿಯವನು ಮೂಲೆಯಲ್ಲಿದ್ದ ಎಲೆಕ್ಟ್ರಾನಿಕ್ ಡ್ರಮ್ಮಿನಿಂದ ವೈರು ಎಳೆದು ತಂದು ಕೀಬೋರ್ಡಿನ ಹಿಂಬದಿಗೆ ಸಿಕ್ಕಿಸಿದ. "ಸುಮ್ನೆ ಒಂದು ರೌಂಡ್ ಬಾರ್ಸಿ ಸಾರ್."

ಗಂಡಾಂತರ ಕಳೆದ ಸಡಗರದಲ್ಲಿ ಅವನು ಕುಣಿತದ ಹಾಡಿನ ರಿದಮ್ಮನ್ನು ಮನಸಾರೆ ಬಾರಿಸಿದ. ಗಿಟಾರು ನೋಡುತ್ತಿದ್ದ ಗಿರಾಕಿಗಳೂ ಬಂದು ಸುತ್ತ ನಿಂತರು. ಬೆವರು ಒರೆಸಿಕೊಂಡು ಸ್ಟಿಕ್ಕುಗಳನ್ನು ತೊಡೆಯ ಮೇಲಿಟ್ಟ. ಡ್ರಮ್ ನಿಲ್ಲಲಿಲ್ಲ.

ಭಾವನ ಎಡಗೈ ಕೀಬೋರ್ಡಿನ ಮೇಲಿತ್ತು. ಇವನದೇ ಏಟು, ನಾಲ್ಕನೆಯ ಏಟಿಗೆ ಮುಂಚೆ ಇವನು ಕೊಂಚ ತಡೆಯುವ ರೀತಿಯೂ ಸೇರಿ, ಸ್ಪೀಕರಿನಿಂದ ಬರುತ್ತಿತ್ತು. ಭಾವ ಗುಂಡಿ ತಿರುಗಿಸಿ ವೇಗ ಏರಿಸಿದ. ಮತ್ತೂ ಏರಿಸಿದ. ಒಂದು ಏಟೂ ತಪ್ಪಲಿಲ್ಲ.

"ಇಷ್ಟು ಸ್ಪೀಡಾಗಿ ನೀನು ಇಪ್ಪತ್ತನೇ ವಯಸ್ಸಲ್ಲೂ ಬಾರಿಸ್ಲಿಲ್ಲ ನೋಡು!" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಮೊದಲ್ನೇದ್ರಲ್ಲಿ ಯಾರೋ ಗುರುತಿಲ್ಲದವನ ಡ್ರಮ್. ಇದ್ರಲ್ಲಿ ನಮ್ಮವನೇ. ನಿನ್ನ ಅಕ್ಕಂಗೂ ಹೇಳಿದ್ದೀನಿ, ಮುಂದಿನ ತಿಂಗಳಿಂದ ನಿನ್ನ ತಮ್ಮ ಪೆಟ್ಟಿಗೆ ಒಳಗೇ ಇರ್ತಾನೆ, ಊಟಾನೂ ಕೇಳಲ್ಲ ಅಂತ."

"ಅಕ್ಕ ಏನಂದ್ಲು?"

"ನಕ್ಳು."

ಅಂಗಡಿಯವನು ಪರದೆ ನೋಡಿದ. "ಇನ್ನೂ ಏಳು ರಿದಮ್ ತುಂಬ್ಸ್ಬಹುದು ಸಾರ್."

"ಆ ನಿಧಾನದ್ದು ಬಾರ್ಸು," ಎಂದ ಭಾವ. "ಕೇಳ್ದೋರ ಕಣ್ಣಲ್ಲಿ ನೀರು ಬರುತ್ತಲ್ಲ, ಅದು."

ಕೆಡಿಸಿಬಿಡಬೇಕು ಎಂದು ಅವನು ನಿಶ್ಚಯಿಸಿದ. ಏಟುಗಳನ್ನು ಅಡ್ಡಾದಿಡ್ಡಿ ಹಾಕಬೇಕು, ಯಾವ ಹಾಡಿಗೂ ಹೊಂದದ ದರಿದ್ರವನ್ನು ಇದರ ಹೊಟ್ಟೆಗೆ ತುಂಬಿ ಎದ್ದು ಹೋಗಬೇಕು. ಅವಮಾನಕ್ಕೆ ಕಿವಿ ಸುಡುತ್ತಿತ್ತು. ಮೊದಲ ಏಟನ್ನು ಬೇಕೆಂದೇ ತಡವಾಗಿ ಹಾಕಿದ. ಎರಡನೆಯ ಸುತ್ತಿನ ಹೊತ್ತಿಗೆ ಕೈ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಆ ತಡವಾದ ಏಟನ್ನೂ ಸೇರಿಸಿಕೊಂಡು, ಯಾವ ವೇದಿಕೆಯ ಮೇಲೂ ಬಾರಿಸದಷ್ಟು ಚೆನ್ನಾಗಿ ಬಾರಿಸಿದ. ಸುತ್ತ ನಿಂತವರು ಮಾತು ನಿಲ್ಲಿಸಿದರು. ಭಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಸೇವ್ ಆಯ್ತು," ಎಂದ ಅಂಗಡಿಯವನು. "ಇನ್ನು ಆರು."

ಅವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಸ್ಟಿಕ್ಕುಗಳನ್ನು ಮತ್ತೆ ಹಿಡಿದ.