ಒಂದು ಸ್ವರ ಕೆಳಗೆ

ಜ್ವರದಿಂದೆದ್ದ ಮೇಲೆ ಹಾಡುಗಾರ್ತಿ ರೀಕೆಯ ಗಂಟಲು ಮೊದಲಿನಂತಿಲ್ಲವೆಂದು ಜರ್ಮನಿಯ ಡೆಟ್ಮೋಲ್ಡ್ ಪಟ್ಟಣದಲ್ಲಿ ಮೊದಲು ತಿಳಿದದ್ದು ಅವಳ ಅಣ್ಣ ಲೇಬ್ರೆಖ್ಟನಿಗೆ. ಅವನು ಆಸ್ಥಾನ ನಾಟಕಶಾಲೆಯ ವಾದ್ಯಮೇಳದಲ್ಲಿ ಕೊಂಬು ಊದುವವನು. ಹದಿಹರೆಯದಲ್ಲಿ ಅಲ್ಲಿನ ಗುಂಪು ಹಾಡುಗಾರರ ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದ ತಂಗಿ ಬರ್ಲಿನ್, ವಿಯೆನ್ನಾಗಳನ್ನು ಗೆದ್ದ ಮೇಲೂ ಪ್ರತಿ ಚಳಿಗಾಲ ಊರಿಗೆ ಬಂದು ಹಾಡುತ್ತಿದ್ದಳು.

ಆಟದ ದಿನ ಮಧ್ಯಾಹ್ನ ಪಿಕರ್ಟ್ ಎಂಬ ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸವರುತ್ತಾ ಅವನು ಕೇಳಿಯೇಬಿಟ್ಟ.

"ಮೇಲಿನ ಸ್ವರ ಹತ್ತುತ್ತೇನೇ?"

"ಹತ್ತಿದ್ರೆ ಹತ್ತುತ್ತೆ. ನೀನು ನಿನ್ನ ಕೊಂಬು ನೋಡ್ಕೋ. ಹೋದ್ಸಲ ಎಮ್ಮೆ ಕೂಗಿದ ಹಾಗಿತ್ತು."

ಸಂಜೆ, ಮೂರನೆಯ ಅಂಕದಲ್ಲಿ ರಾಣಿಯಾಗಿದ್ದ ರೀಕೆ ಅರಮನೆ ಬಿಟ್ಟು ಹೊರಡುವಾಗಿನ ಹಾಡು. ತುತ್ತತುದಿಗೆ ಏರಿದ ದನಿ ಹಳೇ ಬಟ್ಟೆಯಂತೆ ಪರ್ರನೆ ಹರಿಯಿತು.

"ಅಮ್ಮಾವ್ರು ಮನೇಲಿ ಕೂತು ಕಾಲುಚೀಲ ಹೆಣೀಲಿ!" ಎಂದು ಪ್ರೇಕ್ಷಕರ ಮೇಲಟ್ಟದಿಂದ ಒಬ್ಬ ಕೂಗಿದ.

ಬೇರೆ ಯಾರೇ ಆಗಿದ್ದರೂ ಮುಖ ಮುಚ್ಚಿಕೊಂಡು ಒಳಗೆ ಓಡುತ್ತಿದ್ದರು. ರೀಕೆ ಕೈಯೆತ್ತಿ ವಾದ್ಯಮೇಳವನ್ನೇ ನಿಲ್ಲಿಸಿದಳು.

"ಅದು ಚೆನ್ನಾಗಿರ್ಲಿಲ್ಲ. ನನಗೇ ಹಿಡಿಸ್ಲಿಲ್ಲ, ಇನ್ನು ನಿಮಗೆಲ್ಲಿ ಹಿಡಿಸುತ್ತೆ? ಒಂದು ಸ್ವರ ಇಳಿಸಿ ಮತ್ತೆ ಹಾಡ್ತೀನಿ."

ಪಿಟೀಲಿನವರಿಗೆ ಬೆರಳು ಜಾರಿಸಿದರೆ ಮುಗಿಯಿತು. ಕೊಂಬಿಗಾದರೋ ಸುರುಳಿ ಕೊಳವೆಯನ್ನೇ ಕಿತ್ತು ಬೇರೆಯದನ್ನು ಸಿಕ್ಕಿಸಬೇಕು. ಲೇಬ್ರೆಖ್ಟ್ ಎಳೆದ, ತಿರುಚಿದ; ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಡೀ ಸಭೆ ಅವನನ್ನೇ ನೋಡುತ್ತಿತ್ತು.

"ಆಯ್ತೇನಣ್ಣಾ?" ವೇದಿಕೆಯಿಂದಲೇ ರಾಣಿ ಕೇಳಿದಳು.

"ತಡ್ಕೊಳ್ಳೇ ಮಾರಾಯ್ತಿ, ಸಿಕ್ಕಾಕ್ಕೊಂಡಿದೆ!"

ಸಭೆ ಗೊಳ್ಳೆಂದಿತು. ಅರಸರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

ಕೊನೆಗೂ ಕೊಳವೆ ಬದಲಾದ ಮೇಲೆ ಅವಳು ಹಾಡಿದಳು. ಇಷ್ಟು ವರ್ಷ ಆ ಹಾಡಿನಲ್ಲಿ ರಾಣಿಯ ಸಿಟ್ಟು ಕೇಳುತ್ತಿತ್ತು. ತಗ್ಗಿದ ದನಿಯಲ್ಲಿ, ತಾನು ಬಾಳಿದ ಮನೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಡುವ ಹೆಂಗಸೊಬ್ಬಳು ಕೇಳಿಸಿದಳು. ಮೇಲಟ್ಟದಲ್ಲಿ ಒಂದು ಕೆಮ್ಮಿಲ್ಲ. ಲೇಬ್ರೆಖ್ಟ್ ತನ್ನ ಸರದಿ ಬಂದದ್ದನ್ನೇ ಮರೆತ.

ಮರುದಿನ ಅವಳೇ ನಾಟಕಶಾಲೆಯ ಯಜಮಾನರ ಬಳಿ ಹೋದಳು. "ಹುಡುಗೀರ ಪಾತ್ರ ಹುಡುಗೀರಿಗೆ ಕೊಡಿ ಸ್ವಾಮಿ. ತಾಯಂದಿರು, ಮಾಟಗಾತಿಯರು ನನಗಿರ್ಲಿ."

ಹಾಗೆ ಮತ್ತೆ ಎಷ್ಟೋ ವರ್ಷ ಹಾಡಿದಳು. ಅವಳ ಮಾಟಗಾತಿಯನ್ನು ಕೇಳಲು ಲೈಪ್ಜಿಗ್‌ನಿಂದಲೂ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹಲ್ಲುದುರಿ ಕೊಂಬು ಬಿಟ್ಟ ಮೇಲೆ ಲೇಬ್ರೆಖ್ಟ್ ಮೊದಲ ಸಲ ಪ್ರೇಕ್ಷಕರ ನಡುವೆ ಕೂತ. ಊದುವಾಗೆಲ್ಲ ಸ್ವರದ ಹಾಳೆಯ ಮೇಲೇ ಕಣ್ಣಿಟ್ಟವನು, ಹಾಡುವ ತಂಗಿಯ ಮುಖವನ್ನು ಅಂದೇ ಕಣ್ತುಂಬ ನೋಡಿದ್ದು. ತಡೆಯಲಾರದೆ ಪಕ್ಕದವನ ತೋಳು ಹಿಡಿದು, "ನನ್ನ ತಂಗಿ," ಎಂದ.

"ಊರಿಗೆಲ್ಲ ಗೊತ್ತು ಕಣಯ್ಯಾ," ಎಂದ ಆತ, ಕಣ್ಣೊರೆಸಿಕೊಳ್ಳುತ್ತಾ. "ಸುಮ್ನೆ ಕೇಳೋಕೆ ಬಿಡು."